ಹಾರಲಾರದ ಹಕ್ಕಿ ಕಡಲು ದಾಟಿದ ಕಥೆ



ಹಕ್ಕಿಯೆಂದೊಡನೆ ರೆಕ್ಕೆಯ ನೆನಪಾಗುವುದು ಸಹಜ. ಈ ಸಲ ಹೇಳಹೊರಟಿರುವುದು ರೆಕ್ಕೆಯಿದ್ದೂ ಹಾರಲಾರದೆ, ಕಾಲ್ನಡಿಗೆಯಲ್ಲೇ ಸಂಸಾರ ಸಾಗಿಸುವ ಒಂದು ಹಕ್ಕಿಯ ವಿಚಾರ. ಹೆಸರು ವೇಕಾ, ತವರು ನ್ಯೂಜೀಲೆಂಡ್. ನಮ್ಮ ಕೆರೆಯಂಚಿನ ಹುಂಡುಕೋಳಿಗೆ ಇದು ದೂರದ ದಾಯಾದಿ. ಊರ ಹೇಂಟೆಯಷ್ಟು ಗಾತ್ರ, ಕಂದು ಮೈ, ಗಟ್ಟಿ ಕಾಲು, ಬಲವಾದ ಕೊಕ್ಕು. ಕುತೂಹಲವಂತೂ ಹೇಳತೀರದು. ಕಾಡಿನಲ್ಲಿ ತಂಗಿದವರ ಬಿಡಾರಕ್ಕೆ ನುಗ್ಗಿ, ಕೈಗೆಟುಕಿದ್ದನ್ನು ಎನ್ನೋಣವೆಂದರೆ ಅದಕ್ಕೆ ಕೈಯಿಲ್ಲ, ಕೊಕ್ಕಿಗೆಟುಕಿದ್ದನ್ನು ಕಚ್ಚಿಕೊಂಡು ಪೊದೆಯೊಳಗೆ ಓಡಿಬಿಡುತ್ತದೆ.

ಹುಳು, ಹಣ್ಣು, ಹಲ್ಲಿ, ಇಲಿ, ಮೊಟ್ಟೆ, ಮರಿ, ಎಲ್ಲವೂ ಅದಕ್ಕೆ ಆಹಾರ. ತವರಿನ ಕಾಡಿನಲ್ಲಿ ಇದರಿಂದ ಉಪಕಾರವೂ ಉಂಟು. ನುಂಗಿದ ಹಣ್ಣಿನ ಬೀಜವನ್ನು ದೂರ ಒಯ್ದು ಹಾಕುತ್ತದೆ. ಆದರೆ ಹೊರಗಿನಿಂದ ಬಂದ ನಾಯಿ, ಬೆಕ್ಕು, ಮುಂಗುಸಿಯಂಥ ಸ್ಟೋಟ್ ಮುಂತಾದವುಗಳ ಬಾಯಿಗೆ ಬಿದ್ದು ಅನೇಕ ಕಡೆ ಅದರ ಸಂತತಿ ಕ್ಷೀಣಿಸಿತು. ಆದ್ದರಿಂದ ಇಂದು ಅಲ್ಲಿನ ಕಾನೂನು ಅದಕ್ಕೆ ರಕ್ಷಣೆ ಕೊಟ್ಟಿದೆ.

ಇಷ್ಟಾದರೆ ಮರುಕಪಡಬೇಕಾದ ಹಕ್ಕಿ. ಇನ್ನೊಂದು ಮುಖವನ್ನೂ ನೋಡಿ.

ನ್ಯೂಜೀಲೆಂಡಿನಿಂದ ಬಹು ದೂರ, ದಕ್ಷಿಣದ ಶೀತಸಮುದ್ರದಲ್ಲಿ ಮ್ಯಾಕ್ವಾರಿ ಎಂಬ ದ್ವೀಪವಿದೆ. ಉದ್ದ ಸುಮಾರು 34 ಕಿಲೋಮೀಟರ್, ಒಂದೂ ಮರವಿಲ್ಲ. ಸೀಲ್ ಬೇಟೆಗೆ ಹೋದವರು 19ನೆಯ ಶತಮಾನದ ಉತ್ತರಾರ್ಧದಲ್ಲಿ, ಊಟಕ್ಕಾದೀತೆಂದು ವೇಕಾಗಳನ್ನು ಅಲ್ಲಿಗೆ ಒಯ್ದು ಬಿಟ್ಟರು, ಮೊಲಗಳನ್ನೂ ಬಿಟ್ಟರು. ಬೆಕ್ಕುಗಳು ಮೊದಲೇ ಇದ್ದವು. ದ್ವೀಪದ್ದೇ ಆದ ಒಂದು ಹಸಿರು ಗಿಳಿ ಮರವಿಲ್ಲದ ಕಾರಣ ಹುಲ್ಲಿನ ಬುಡದಲ್ಲಿ ಗೂಡು ಮಾಡುತ್ತಿತ್ತು. ಬೆಕ್ಕುಗಳೊಂದಿಗೂ ಅದು ಹಲವು ದಶಕ ಹೇಗೋ ಬಾಳಿತ್ತು. ಏಕೆಂದರೆ ಚಳಿಗಾಲದಲ್ಲಿ ಕಡಲಹಕ್ಕಿಗಳು ಹೊರಟುಹೋದ ಮೇಲೆ ಬೆಕ್ಕುಗಳಿಗೆ ಉಪವಾಸವೇ ಗತಿ. ಅವು ಹೆಚ್ಚಲಾರದೆ ಇದ್ದವು. ಮೊಲ ಬಂದ ಮೇಲೆ ಬೆಕ್ಕಿಗೆ ವರ್ಷವಿಡೀ ಊಟ ಸಿಕ್ಕಿತು. ಮೊಟ್ಟೆ ಮರಿಗಳನ್ನು ಹುಡುಕಿ ತಿನ್ನಲು ವೇಕಾ ಜೊತೆಯಾಯಿತು. 1890ರ ದಶಕ ಮುಗಿಯುವ ಮೊದಲೇ ಆ ಗಿಳಿಯೂ, ಅಲ್ಲಿನ ಇನ್ನೊಂದು ನೆಲಹಕ್ಕಿಯೂ ಲೋಕದಿಂದಲೇ ಅಳಿದವು. ಆ ನೆಲಹಕ್ಕಿ ವೇಕಾದ ನೆಂಟನೇ ಎಂಬುದನ್ನು ಗಮನಿಸಬೇಕು. 1980ರ ದಶಕದ ಕೊನೆಗೆ ಮ್ಯಾಕ್ವಾರಿಯ ವೇಕಾಗಳನ್ನು ಪೂರ್ತಿ ನಿರ್ಮೂಲ ಮಾಡಿದರು. ಗಿಳಿಯ ಪಾಲಿಗೆ ಅದು ಸುಮಾರು ನೂರು ವರ್ಷ ತಡವಾಗಿತ್ತು.

ಕಾಡ್‌ಫಿಶ್ ಎಂಬ ದ್ವೀಪ ನ್ಯೂಜೀಲೆಂಡಿಗೇ ಸೇರಿದ್ದು. ಅಲ್ಲಿಗೂ ಜನರೇ ವೇಕಾವನ್ನು ತಂದಿದ್ದರು. ನೆಲದಲ್ಲಿ ಬಿಲ ತೋಡಿ ಮೊಟ್ಟೆಯಿಡುವ ಪೆಟ್ರೆಲ್ ಎಂಬ ಕಡಲಹಕ್ಕಿ ಅಲ್ಲಿ ಅಳಿವಿನಂಚಿಗೆ ಬಂದಿತ್ತು. 1980ರಿಂದ ಕೆಲವು ವರ್ಷ ಶ್ರಮಿಸಿ ವೇಕಾಗಳನ್ನು ತೆಗೆದರು. ಪೆಟ್ರೆಲ್ ಮತ್ತೆ ಹೆಚ್ಚಿತು. 1987ರಲ್ಲಿ ಅದೇ ದ್ವೀಪಕ್ಕೆ ಕಾಕಾಪೋ ಎಂಬ ಮತ್ತೊಂದು ಹಾರಲಾರದ ಹಕ್ಕಿಯನ್ನು ತಂದರು! ಇದು ಸೊಪ್ಪು ಹಣ್ಣು ತಿನ್ನುವ ಸಾಧು ಗಿಳಿ. ತವರಿನಲ್ಲಿ ಶತ್ರುಗಳಿಂದ ಉಳಿವಿಲ್ಲದ್ದು. ಒಂದಕ್ಕೆ ನಿರ್ಗಮನ, ಒಂದಕ್ಕೆ ಆಶ್ರಯ. ಪಕ್ಷಪಾತವೆನ್ನಬೇಡಿ, ಯಾವುದು ಏನು ತಿನ್ನುತ್ತದೆ, ಯಾವುದಕ್ಕೆ ಬೇರೆ ಗತಿಯಿಲ್ಲ ಎಂಬುದನ್ನು ನೋಡಿ ಮಾಡಿದ ಕೆಲಸ.

ಹೊರಗೆ ಒಯ್ದದ್ದೆಲ್ಲ ಕೇಡೇ ಆಯಿತೆನ್ನಲೂ ಆಗದು. 1905ರಲ್ಲಿ ಕೆಲವು ವೇಕಾಗಳನ್ನು ಚ್ಯಾಥಮ್ ದ್ವೀಪಕ್ಕೆ ಸಾಗಿಸಿದ್ದರು. ಮುಂದೆ ಅವುಗಳ ತವರಾದ ಕ್ಯಾಂಟರ್ಬರಿ ಸೀಮೆಯಲ್ಲಿ ಆ ಬಗೆಯ ವೇಕಾ ಅಳಿದೇ ಹೋಯಿತು. ಚ್ಯಾಥಮ್‌ನಲ್ಲೋ, ಬೇಟೆಯಾಡಲು ಕಾನೂನೇ ಅನುಮತಿ ಕೊಡುವಷ್ಟು ಬೆಳೆಯಿತು. ಅಲ್ಲಿಂದಲೇ ಕೆಲವನ್ನು ಹಿಂದಕ್ಕೆ ತಂದು ದಕ್ಷಿಣ ದ್ವೀಪದ ವನಾಕಾ ಸರೋವರದ ನಡುಗಡ್ಡೆಗಳಲ್ಲಿ ಬಿಟ್ಟಿದ್ದಾರೆ.

ಕಚೇರಿಯಲ್ಲಿ ಕಡತ ತಿರುವುವ ನನ್ನಂಥ ಗುಮಾಸ್ತನಿಗೆ ‘ಸ್ಥಳೀಯ’ ಎಂಬುದು ಅರ್ಜಿಯ ಒಂದು ಕಲಮು. ತುಂಬಿ ರುಜು ಹಾಕಿದರೆ ಮುಗಿಯಿತು. ಪ್ರಕೃತಿಯ ಕಡತ ಅಷ್ಟು ಸುಲಭವಲ್ಲ. ಅಲ್ಲಿ ದೇಶದ ಹೆಸರು ನಡೆಯದು, ದ್ವೀಪದ ಹೆಸರು ಬೇಕು. ಒಂದು ದಡದಲ್ಲಿ ರಕ್ಷಿಸಬೇಕಾದದ್ದು ಇನ್ನೊಂದು ದಡದಲ್ಲಿ ಹಂತಕ.

ಊರು ಬಿಟ್ಟು ಬಂದ ನಾವು ಈ ಕಥೆ ಕೇಳಿ ಮುಜುಗರಪಡಬೇಕಾಗಿಲ್ಲ. ನಾವು ನಮ್ಮ ಟಿಕೆಟ್ಟು ನಾವೇ ಕೊಂಡು, ದುಡಿದು ತಿನ್ನಲು ಬಂದವರು. ನೆರೆಯವರ ಮಾತು ಕಲಿತು, ಹಬ್ಬದಲ್ಲಿ ಸೇರಿ ಬಾಳಬಲ್ಲವರು. ವೇಕಾವನ್ನು ಕೇಳಿದವರಾರು? ಅದು ತನ್ನ ಹಸಿವಿನಂತೆ ನಡೆಯಿತು. ಲೆಕ್ಕ ಕೇಳಬೇಕಾದದ್ದು, ಆ ದಿನದ ಊಟವನ್ನಷ್ಟೇ ನೆನೆದು ಹಡಗಿನಿಂದ ಅದನ್ನು ಇಳಿಸಿದವರನ್ನು. ಹುಲ್ಲಿನ ಬುಡದಲ್ಲಿ ಯಾರ ಗೂಡಿದೆಯೆಂದು ಅವರು ಒಮ್ಮೆ ಬಗ್ಗಿ ನೋಡಿದ್ದರೆ, ಆ ಹಸಿರು ಗಿಳಿ ಇಂದಿಗೂ ಉಳಿದಿರುತ್ತಿತ್ತೇನೋ.