ಸೂರ್ಯ ‘ಓಂ’ ಅಂತಾನಾ? ಫಾರ್ವರ್ಡ್ ಮಾಡೋ ಮೊದಲು ಓದ್ರಿ

ಮತ್ತ ಬಂತು ನೋಡ್ರಿ ಆ ರೀಲ್. ಕೆಂಪಗೆ ಉರಿಯೋ ಸೂರ್ಯ, ಹಿಂದೆ ‘ಓಂ’ ನಾದ, ಮೇಲೆ “ನಾಸಾ ರೆಕಾರ್ಡ್ ಮಾಡಿದ್ದು” ಅನ್ನೋ ಬರಹ. ನಮ್ಮ ಕ್ಲಾಸ್ ಗ್ರೂಪಿಗೂ ಬಂತು.

ಸುಳ್ಳು ಅಂತ ಹೇಳಿ ಸುಮ್ಮನಾಗಬಹುದಿತ್ತು. ನನ್ನ ತಕರಾರು ಬ್ಯಾರೆ. ಖರೇ ಸಂಗತಿ ಇದಕ್ಕಿಂತ ದೊಡ್ಡದೈತಿ, ಅದು ನಿಮಗೆ ಸಿಗದಂಗ ಆಗೈತಿ.

ಗಾಣದ ಮನಿಯಾಗ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕೊತಕೊತ ಕುದಿಯೋದು ನೋಡೀರಲ್ಲ? ಸೂರ್ಯನ ಹೊರಭಾಗವೂ ಹಂಗ ಕುದಿತೈತಿ. ಆ ಗದ್ದಲವೇ ಒಳಗೆ ಶಬ್ದದ ಅಲೆ ಎಬ್ಬಿಸ್ತೈತಿ. ಅಲೆಗಳು ಒಳಗೇ ಸಿಕ್ಕಿಬಿದ್ದು ಸುತ್ತುತಾವ, ಮೇಲ್ಮೈ ಸುಮಾರು 5 ನಿಮಿಷಕ್ಕೊಮ್ಮೆ ಏರಿ ಇಳಿತೈತಿ. 1960ರ ದಶಕದ ಆರಂಭದಲ್ಲಿ ಇದನ್ನ ಕಂಡವರು ರಾಬರ್ಟ್ ಲೇಟನ್ ಮತ್ತು ಸಂಗಡಿಗರು. ನಡುವೆ ಗಾಳಿ ಇಲ್ಲ, ಆ ಸದ್ದು ನಮ್ಮ ಕಿವಿಗೆ ಬರೋದೇ ಇಲ್ಲ. ನೆಟ್‌ನಲ್ಲಿರೋ ಅಸಲಿ ‘ಸೂರ್ಯನ ಶಬ್ದ’ ಸ್ಟ್ಯಾನ್‌ಫರ್ಡ್‌ನವರು 40 ದಿನದ ಅಳತೆಯನ್ನ ಸುಮಾರು 42,000 ಪಟ್ಟು ವೇಗ ಮಾಡಿ ತಯಾರಿಸಿದ್ದು. ಖರೇ ಸೂರ್ಯನಲ್ಲಿ ಒಂದಲ್ಲ, ಲಕ್ಷಗಟ್ಟಲೆ ಸ್ವರ ಒಟ್ಟಿಗೇ ನಡೀತಿರ್ತಾವ.

ಇನ್ನು ಮಜಾ ಇರೋದು ಇಲ್ಲಿ. ಸಂತ್ಯಾಗ ಅವ್ವ ಗಡಿಗಿ ಬಡಿದು ಸೀಳು ಐತೇನು ಅಂತ ನೋಡ್ತಾಳಲ್ಲ, ಅದೇ ಕೆಲಸ. ಕಂಪ್ಯೂಟರಿನಲ್ಲಿ ಸೂರ್ಯನ ಮಾದರಿ ಕಟ್ತಾರ: ತೂಕ ಇಷ್ಟು, ವಯಸ್ಸು ಸುಮಾರು 460 ಕೋಟಿ ವರ್ಷ, ಹೈಡ್ರೋಜನ್ ಇಷ್ಟು, ಹೀಲಿಯಂ ಇಷ್ಟು. ಅಂಥಾ ಗೋಲ ಯಾವ ಸ್ವರ ಹೊರಡಿಸಬೇಕು ಅಂತ ಲೆಕ್ಕ ಹಾಕಿ, ಅಳೆದ ಸ್ವರದ ಜೋಡಿ ಹಚ್ಚಿ ನೋಡ್ತಾರ. ಒಂದು ಕಡೆ ಸೂರ್ಯ ಮುಳುಗಿದ್ರೂ ಅಳತೆ ನಿಲ್ಲಬಾರದು ಅಂತ 1995ರಿಂದ ಜಗತ್ತಿನ ಆರು ಕಡೆ ‘ಗಾಂಗ್’ ಜಾಲ ಐತಿ. ಒಂದು ಠಿಕಾಣಿ ನಮ್ಮ ಉದಯಪುರ.

“ಮಾದರಿ ಅಂದ್ರ ಬರೇ ಅಂದಾಜು” ಅನ್ನೋರಿಗೆ ಒಂದು ಕೇಸ್ ಹೇಳ್ತೀನಿ. ರೇ ಡೇವಿಸ್ ಪ್ರಯೋಗದಾಗ ಸೂರ್ಯನಿಂದ ಬರಬೇಕಾದ ನ್ಯೂಟ್ರಿನೊ ಸಿಕ್ಕಿದ್ದು ಸುಮಾರು ಮೂರನೇ ಒಂದು ಪಾಲು. ಮಾದರಿಯೇ ತಪ್ಪು ಅಂದ್ರು ಭಾಳ ಮಂದಿ. ಸ್ವರದ ಅಳತೆ ಮಾತ್ರ ಮಾದರಿ ಪರ ಸಾಕ್ಷಿ ಹೇಳ್ತು. ಕಡೀಕ 2001–02ರಲ್ಲಿ ಕೆನಡಾದ ಸಡ್‌ಬರಿ ಪ್ರಯೋಗ ತೋರಿಸ್ತು: ನ್ಯೂಟ್ರಿನೊಗಳೇ ದಾರಿಯಲ್ಲಿ ರೂಪ ಬದಲಿಸ್ತಾವ!

ಹಂಗಂತ ಮಾದರಿ ದೇವರಲ್ಲ. ಸೂರ್ಯನಲ್ಲಿ ಆಮ್ಲಜನಕ ಮೊದಲು ತಿಳಿದದ್ದಕ್ಕಿಂತ ಕಡಿಮೆ ಅಂತ 2000ದ ದಶಕದಲ್ಲಿ ಹೊಸ ಲೆಕ್ಕ ಬಂತು. ಅದನ್ನ ಹಾಕಿದ್ರ ಮಾದರಿ ಸ್ವರಕ್ಕೆ ಕೂಡೋದೇ ಇಲ್ಲ. ಮುಂಬೈ ಟಿಐಎಫ್‌ಆರ್‌ನ ಎಚ್.ಎಂ. ಆಂಟಿಯಾ, ಯೇಲ್‌ನ ಸರ್ಬಾನಿ ಬಸು ಇದರ ಮ್ಯಾಲೆ ಕೆಲಸ ಮಾಡ್ಯಾರ. ಜಗಳ ಇನ್ನೂ ಮುಗಿದಿಲ್ಲ. ನನಗಂತೂ ಇದೇ ಭಾಳ ಸೇರೋದು.

‘ಓಂ’ಕಾರಕ್ಕ ನಾಸಾ ಸರ್ಟಿಫಿಕೇಟ್ ಯಾಕ ಬೇಕ್ರಿ? ನಮ್ಮಜ್ಜಿ ಅದಿಲ್ಲದೇ ದಿನಾ ಅಂತಾಳ.

ಗಾಂಗ್ ಅಳತೆಗಳು ನೆಟ್‌ನಲ್ಲಿ ಪುಕ್ಕಟ್. ನಕ್ಷತ್ರದ ಮಾದರಿ ಕಟ್ಟೋ ‘ಮೆಸಾ’ ಸಾಫ್ಟ್‌ವೇರೂ ಪುಕ್ಕಟ್. ಉಗಾರ ಬುದ್ರುಕದಾಗ ಕೂತೇ ಶುರು ಮಾಡಬಹುದು. ಯಾರು ಯಾರು ಬರ್ತೀರಿ, ಕಮೆಂಟ್ ಹಾಕ್ರಿ.