ಖಾರಿ ಬಲ್ಲವರಿಗೆ ಕೆಲಸ

ನವಿ ಮುಂಬಯಿಯ ಐಟಿ ಕಚೇರಿಗಳ ನಡುವಿನ ಘಣಸೋಲಿ ಮೂಲತಃ ಠಾಣೆ ಖಾರಿಯ ದಡದ ಆಗ್ರಿ-ಕೋಲಿ ಜನರ ಊರು. ಮೀನು, ಉಪ್ಪು, ಭತ್ತ ಅವರ ಬದುಕಾಗಿತ್ತು. 1970ರಲ್ಲಿ ಹೊಸ ನಗರ ಕಟ್ಟುವ ಸರ್ಕಾರಿ ಸಂಸ್ಥೆ ಸಿಡ್ಕೊ ಬಂತು, ಗದ್ದೆ ನಗರವಾಯಿತು. ಖಾರಿಯ ಒಂದು ಭಾಗ 2015ರಲ್ಲಿ ಫ್ಲೆಮಿಂಗೊ ಅಭಯಾರಣ್ಯವಾಗಿ, 2022ರಲ್ಲಿ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿತು. ಈಗ ಪಕ್ಕದ ಐರೋಲಿಯಿಂದ ಪ್ರವಾಸಿ ದೋಣಿಗಳು ಹೊರಡುತ್ತವೆ. ಉಬ್ಬರವಿಳಿತದ ಲೆಕ್ಕ, ಹಕ್ಕಿ ಇಳಿಯುವ ಕೆಸರು, ಕಾಂಡ್ಲಾ ಕಾಡಿನ ಒಳದಾರಿ ಇವೆಲ್ಲ ಮೀನುಗಾರರಿಗೆ ತಲೆಮಾರಿನಿಂದ ಬಂದ ವಿದ್ಯೆ. ಆ ವಿದ್ಯೆಗೆ ದೋಣಿಯ ಚುಕ್ಕಾಣಿ ಹಿಡಿಯುವ ಕೂಲಿಯಷ್ಟೇ ಸಾಲದು. ಮಾರ್ಗದರ್ಶಿ, ಸಂರಕ್ಷಕ ಹುದ್ದೆಗಳೂ ಅವರ ಮಕ್ಕಳಿಗೆ ಮೊದಲು ದಕ್ಕಬೇಕು. ಕರ್ನಾಟಕ ಕರಾವಳಿಯ ಮೀನುಗಾರರಾದ ನಮ್ಮ ಮೊಗವೀರರು 1902ರಲ್ಲೇ ಮುಂಬಯಿಯಲ್ಲಿ ಸಂಘ ಕಟ್ಟಿ, ರಾತ್ರಿಶಾಲೆ ನಡೆಸಿ ಮಕ್ಕಳನ್ನು ಹೊಸ ವೃತ್ತಿಗಳಿಗೆ ಅಣಿಗೊಳಿಸಿದವರು. ಆ ಅನುಭವವನ್ನು ಇಲ್ಲಿನ ಕನ್ನಡ ಸಂಘಗಳು ಕೋಲಿ ಯುವಕರೊಂದಿಗೆ ಹಂಚಿಕೊಳ್ಳಲಿ.