ಭಕ್ತಿಗೆ ಹಾಜರಿ ಪುಸ್ತಕ ಬೇಡ

ಕಮಲಾಪುರದಿಂದ ಕಂಪ್ಲಿಯ ಕಡೆಗೆ ಹೊರಟವರಿಗೆ ದಾರಿಯ ಮಗ್ಗುಲಲ್ಲಿ ಕಾಣಸಿಗುವ ಗಾಣಗಿತ್ತಿ ಜಿನಾಲಯವು 1385ರಲ್ಲಿ ವಿಜಯನಗರದ ಅರಸು ಎರಡನೆಯ ಹರಿಹರನ ದಂಡನಾಯಕನಾದ ಇರುಗಪ್ಪನು ಕಟ್ಟಿಸಿದುದು. ಇಮ್ಮಡಿ ದೇವರಾಯನ ಸೇವೆಯಲ್ಲಿದ್ದ ಅಹಮದ್ ಖಾನನು 1439ರಲ್ಲಿ ಕಟ್ಟಿಸಿದ ಮಸೀದಿಯು, ದೇಗುಲದ ಮಂಟಪದಂತೆಯೇ ಕಂಬಸಾಲುಗಳನ್ನು ತಳೆದು, ತನ್ನ ಕನ್ನಡ ಶಾಸನದಲ್ಲಿ ಧರ್ಮಶಾಲೆಯೆನಿಸಿಕೊಂಡು, ಹಂಪಿಯಲ್ಲಿ ಇಂದಿಗೂ ನಿಂತಿದೆ. ವಿಜಯನಗರ ರಾಜ್ಯದಲ್ಲಿ ಯಾವ ಮತದವನಾದರೂ ತನ್ನ ಮತದಂತೆ ನಡೆದುಕೊಂಡು ನಿರಾತಂಕವಾಗಿ ಬಾಳಬಹುದಾಗಿತ್ತೆಂದು ಪೋರ್ಚುಗೀಸನಾದ ಬಾರ್ಬೋಸನು ಹದಿನಾರನೆಯ ಶತಮಾನದ ಆದಿಯಲ್ಲಿ ಬರೆದಿಟ್ಟನು. ಹೀಗೆ ಹಲವು ಮತಗಳು ಕೂಡಿ ಬಾಳಿದ ಈ ನೆಲದ ಹೊಸಪೇಟೆ, ಸಂಡೂರು, ಕಂಪ್ಲಿಗಳಿಂದ ಉನ್ನತ ವ್ಯಾಸಂಗಕ್ಕೆಂದು ಬೆಂಗಳೂರಿಗೋ ಮಂಗಳೂರಿಗೋ ತೆರಳುವ ನಮ್ಮ ಮಕ್ಕಳು ಕಥೋಲಿಕ ವಿಶ್ವವಿದ್ಯಾಲಯಗಳನ್ನೂ ಸೇರುವುದುಂಟಾದ ಕಾರಣ, ಅಲ್ಲಿನ ಧಾರ್ಮಿಕ ಜೀವನವು ಹೇಗಿರತಕ್ಕದ್ದೆಂಬ ಪ್ರಶ್ನೆಯು ಕ್ರೈಸ್ತರಿಗೆ ಮಾತ್ರ ಸೇರಿದುದಲ್ಲ.

ಮಂಗಳೂರಿನಲ್ಲಿ ಯೇಸುಸಭೆಯ ಗುರುಗಳು 1880ರಲ್ಲಿ ತೆರೆದ ಸಂತ ಅಲೋಶಿಯಸ್ ಕಾಲೇಜು 2024ರಲ್ಲಿ ಪರಿಗಣಿತ ವಿಶ್ವವಿದ್ಯಾಲಯವಾಯಿತು. ಬೆಂಗಳೂರಿನಲ್ಲಿ ಪ್ಯಾರಿಸ್ ವಿದೇಶೀ ಮಿಶನ್ನಿನ ಗುರುಗಳು 1882ರಲ್ಲಿ ಸ್ಥಾಪಿಸಿ, 1937ರಲ್ಲಿ ಯೇಸುಸಭೆಯ ಕೈಗೆ ಒಪ್ಪಿಸಿದ ಸಂತ ಜೋಸೆಫರ ಕಾಲೇಜು 2022ರಲ್ಲಿ ವಿಶ್ವವಿದ್ಯಾಲಯವಾಯಿತು. ಇವೆರಡರಲ್ಲಿಯೂ ಹಿಂದೂ, ಮುಸಲ್ಮಾನ, ಜೈನ ಮಕ್ಕಳು ಕ್ರೈಸ್ತರೊಡನೆ ಒಂದೇ ಬೆಂಚಿನಲ್ಲಿ ಕುಳಿತು ಓದುತ್ತ ಬಂದಿದ್ದಾರೆ. ಇಟಲಿಯಿಂದ ಬಂದ ಆಂತೋನಿಯೊ ಮೊಸ್ಕೇನಿ ಎಂಬ ಯೇಸುಸಭೆಯ ಸಹೋದರನು 1899ರಿಂದ ಸುಮಾರು ಎರಡು ವರ್ಷ ಶ್ರಮಿಸಿ ಗೋಡೆ, ಕಮಾನು, ಮಾಳಿಗೆಗಳನ್ನೆಲ್ಲ ಚಿತ್ರಗಳಿಂದ ತುಂಬಿದ ಅಲೋಶಿಯಸ್ ಪ್ರಾರ್ಥನಾಲಯಕ್ಕೆ ಹೋಗಿ ನೋಡಿದರೆ, ಒಬ್ಬರು ಮೊಣಕಾಲೂರಿ ಜಪಿಸುತ್ತಿರುವಾಗ ಮತ್ತೊಬ್ಬರು ತಲೆಯೆತ್ತಿ ವರ್ಣಗಳನ್ನೇ ದಿಟ್ಟಿಸುತ್ತಿರಬಹುದು. ಬಾಗಿಲಲ್ಲಿ ಯಾರೂ ಅವರ ಮತವನ್ನು ವಿಚಾರಿಸುವುದಿಲ್ಲ. ವಿದ್ಯಾಲಯದ ಧರ್ಮಸೇವೆಗೆ ಇದಕ್ಕಿಂತ ಒಳ್ಳೆಯ ಮಾದರಿ ಬೇಕಿಲ್ಲ.

ಇಂತಹ ವಿದ್ಯಾಲಯಗಳಲ್ಲಿ ವಿದ್ಯಾರ್ಥಿಗಳ ಪಾಲನೆಗೆಂದೇ ಒಬ್ಬ ಗುರುವನ್ನು ನಿಯಮಿಸುವ ಪದ್ಧತಿಯುಂಟು. ಬಲಿಪೂಜೆ, ಪಾಪನಿವೇದನೆ, ತಪಸ್ಸುಕಾಲದ ಧ್ಯಾನಕೂಟ ಮೊದಲಾದುವು ಕಥೋಲಿಕ ಮಕ್ಕಳಿಗೆ. ಮನಸ್ಸಿನ ಭಾರವನ್ನು ಇಳಿಸಿಕೊಳ್ಳಲು ಆ ಗುರುವಿನ ಕೋಣೆ ಎಲ್ಲರಿಗೆ. 1924ರಲ್ಲಿ ಹುಟ್ಟಿದ ವಿದ್ಯಾರ್ಥಿ ಸಂಘಟನೆಯಾದ ಅಖಿಲ ಭಾರತ ಕಥೋಲಿಕ ವಿಶ್ವವಿದ್ಯಾಲಯ ಒಕ್ಕೂಟವು, 1970ರಲ್ಲಿ ಪೂನಮಲ್ಲಿಯಲ್ಲಿ ಹೊರಡಿಸಿದ ತನ್ನ ಘೋಷಣೆಯ ತರುವಾಯ, ಜಪತಪಗಳ ಜೊತೆಗೆ ಸಾಮಾಜಿಕ ನ್ಯಾಯವನ್ನೂ ತನ್ನ ವ್ರತವಾಗಿ ಕೈಕೊಂಡಿತು. ದೇವರಲ್ಲಿ ನಂಬಿಕೆಯುಳ್ಳ ತರುಣನು ಕೊಳೆಗೇರಿಯ ಮಗುವಿಗೆ ಅಕ್ಷರ ಕಲಿಸಲು ಹೊರಟಾಗ, ಆ ನಂಬಿಕೆಯಿಲ್ಲದ ಗೆಳೆಯನೂ ಸಂಕೋಚವಿಲ್ಲದೆ ಅವನ ಜೊತೆಗೂಡಬಲ್ಲನು.

ಆದರೆ ಈ ಸೇವೆಗೆ ಒಂದು ಗಡಿಯುಂಟು. ಸರ್ಕಾರದ ಮಾನ್ಯತೆಯನ್ನಾಗಲಿ ನೆರವನ್ನಾಗಲಿ ಪಡೆದ ಯಾವ ವಿದ್ಯಾಸಂಸ್ಥೆಯೂ, ವಿದ್ಯಾರ್ಥಿಯ ಸಮ್ಮತಿಯಿಲ್ಲದೆ, ಅವನು ಅಪ್ರಾಪ್ತವಯಸ್ಕನಾದರೆ ಪೋಷಕರ ಸಮ್ಮತಿಯಿಲ್ಲದೆ, ಅವನನ್ನು ಧಾರ್ಮಿಕ ಬೋಧೆಗೂ ಪೂಜೆಗೂ ಹಾಜರಾಗುವಂತೆ ಬಲಾತ್ಕರಿಸಕೂಡದೆಂಬುದು ನಮ್ಮ ಸಂವಿಧಾನದ 28ನೆಯ ವಿಧಿಯ ವಿಧಾನ. ಕಥೋಲಿಕ ವಿಶ್ವವಿದ್ಯಾಲಯಗಳನ್ನು ಕುರಿತು ಎರಡನೆಯ ಜಾನ್ ಪಾಲ್ ಪೋಪರು 1990ರಲ್ಲಿ ಹೊರಡಿಸಿದ ಶಾಸನವೂ ಪಾಲನಾಸೇವೆಗೆ ಅರ್ಹರಾದವರನ್ನು ನಿಯಮಿಸಬೇಕೆಂದು ವಿಧಿಸುವುದರ ಜೊತೆಗೇ ಪ್ರತಿಯೊಬ್ಬರ ಅಂತಃಕರಣದ ಸ್ವಾತಂತ್ರ್ಯವನ್ನು ಗೌರವಿಸಬೇಕೆಂದು ಹೇಳುತ್ತದೆ. ಪ್ರಾರ್ಥನೆಗೆ ಹಾಜರಿ ಹಿಡಿಯುವ ಆಸೆ ಆಡಳಿತಗಾರರಿಗೆ ಸಹಜವಾದರೂ, ಅದರಿಂದ ಪ್ರಾರ್ಥಿಸುವವರ ಸಂಖ್ಯೆ ಹೆಚ್ಚಬಹುದೇ ಹೊರತು ಪ್ರಾರ್ಥನೆ ಹೆಚ್ಚಲಾರದು. ಹಾಗೆಂದು ವಿಶ್ವವಿದ್ಯಾಲಯದಲ್ಲಿ ಧರ್ಮಕ್ಕೆ ಎಡೆಯೇ ಬೇಡವೆನ್ನುವವರ ವಾದವೂ ಸಾಧುವಲ್ಲ. ಮನೆ ಬಿಟ್ಟು ಬಂದ ಹದಿನೆಂಟರ ಹರೆಯದಲ್ಲಿಯೇ ಬಾಳಿನ ಅರ್ಥವೇನೆಂಬ ಪ್ರಶ್ನೆ ಮನುಷ್ಯನನ್ನು ಮೊದಲು ಕಾಡುವುದು.

ಇನ್ನೊಂದು ಮಾತನ್ನು ಹೇಳದಿರಲಾಗದು. 1949ರಲ್ಲಿ ಸ್ಥಾಪಿತವಾದ ನಮ್ಮ ಬಳ್ಳಾರಿ ಧರ್ಮಪ್ರಾಂತ್ಯದ ಹಳ್ಳಿಯೊಂದರಿಂದ, ಅಜ್ಜಿಯ ಬಾಯಿಂದ ಕನ್ನಡದಲ್ಲಿಯೇ ಜಪಸರ ಕಲಿತು ಹೋದ ಹುಡುಗಿಗೆ, ಮಹಾನಗರದ ವಿದ್ಯಾಲಯದಲ್ಲಿ ಬಲಿಪೂಜೆ ಇಂಗ್ಲಿಷಿನಲ್ಲಿ ಮಾತ್ರ ದೊರೆಯುವುದಾದರೆ, ಅವಳು ತನ್ನ ದೇವರ ಮುಂದೆಯೂ ಪರದೇಶಿಯಾಗುವಳು. ದೇಶಭಾಷೆಗಳಲ್ಲಿ ಪೂಜೆ ಸಲ್ಲಿಸಲು ಎರಡನೆಯ ವ್ಯಾಟಿಕನ್ ಮಹಾಸಭೆಯೇ ಅನುಮತಿ ಕೊಟ್ಟು ಅರ್ಧ ಶತಮಾನ ಕಳೆದಿದೆ. ವಾರಕ್ಕೊಂದು ಕನ್ನಡ ಬಲಿಪೂಜೆಯು ಕರ್ನಾಟಕದ ವಿಶ್ವವಿದ್ಯಾಲಯಕ್ಕೆ ಹೊರೆಯಾಗಲಾರದು.

ಕಥೋಲಿಕ ವಿಶ್ವವಿದ್ಯಾಲಯಗಳಿಂದ ಇತರರು ಕಲಿಯಬೇಕಾದುದೂ ಉಂಟು. 1991ರಲ್ಲಿ ಸ್ಥಾಪಿತವಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯವೇ ಆಗಲಿ, ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯವೇ ಆಗಲಿ, ಸರ್ಕಾರದ ಸಂಸ್ಥೆಗಳಾದ್ದರಿಂದ ಮತಬೋಧೆ ಮಾಡಲಾರವು, ಮಾಡಲೂಬಾರದು. ಆದರೆ ಅಂಕಪಟ್ಟಿಯನ್ನು ಕೇಳದೆ, ಜಾತಿಮತಗಳನ್ನು ವಿಚಾರಿಸದೆ, ವಿದ್ಯಾರ್ಥಿಯ ಸಂಕಟಕ್ಕೆ ಕಿವಿಗೊಡುವುದೇ ಪೂರ್ಣಾವಧಿಯ ಕರ್ತವ್ಯವಾಗಿರುವ ಒಬ್ಬ ಹಿರಿಯರನ್ನು ನಿಯಮಿಸಲು ಯಾವ ಕಾನೂನೂ ಅಡ್ಡಬಾರದು. ಕಥೋಲಿಕ ಆಡಳಿತ ಮಂಡಳಿಗಳು ಪ್ರಾರ್ಥನೆಯನ್ನು ಹಾಜರಿಯಿಂದ ದೂರವಿಡಲಿ. ನಮ್ಮ ಭಾಗದ ವಿಶ್ವವಿದ್ಯಾಲಯಗಳು ಬರುವ ಶೈಕ್ಷಣಿಕ ವರ್ಷದಲ್ಲಿಯೇ ಅಂತಹ ಒಬ್ಬರಿಗೆ ಕೋಣೆಯನ್ನೂ ಸಂಬಳವನ್ನೂ ಒದಗಿಸಲಿ.